ಜೂಲಿಯಾ ಎಂಬ ಹೆಸರು

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಿರಿಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಕಂಪ್ಯೂಟರ್ ಬಗ್ಗೆ ನಾಲ್ಕು ಮಾತಾಡಿ ಎಂದು ಸಮಿತಿಯವರು ಹೇಳಿದ್ದರು. ಮಾತಾಡುತ್ತೇನೆ, ಆದರೆ ಕೊನೆಯಲ್ಲಿ. ಮೊದಲು ಒಂದು ಹೆಸರಿನ ವಿಷಯ ಹೇಳಬೇಕು. ಆ ಹೆಸರು ನಮ್ಮ ಶಾಲೆಯ ರಿಜಿಸ್ಟರಿನಲ್ಲಿದೆ, ರೋಮಿನ ಚರಿತ್ರೆಯಲ್ಲಿದೆ, ನಾನು ಕಚೇರಿಯಲ್ಲಿ ಬಳಸುವ ಒಂದು ಕಂಪ್ಯೂಟರ್ ಭಾಷೆಗೂ ಇದೆ. ಜೂಲಿಯಾ ಅಂತ.

ಈ ಸಲ ಹಳೆಯ ವಿದ್ಯಾರ್ಥಿಗಳ ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಐವತ್ತು ವರ್ಷದ ಅಡ್ಮಿಷನ್ ರಿಜಿಸ್ಟರುಗಳ ಪುಟಗಳನ್ನು ಮೇಷ್ಟ್ರು ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸುತ್ತಿದ್ದರು. ನಾನು ಬೆಂಗಳೂರಿನಲ್ಲಿ ರಾತ್ರಿ ಊಟವಾದ ಮೇಲೆ ಕೂತು ಟೈಪ್ ಮಾಡುತ್ತಿದ್ದೆ. ಇಲ್ಲಿ ಎಸ್‌ಎಸ್‌ಎಲ್‌ಸಿ ಬರೆದವರ ಹೆಸರು ಮಾತ್ರ ಪಟ್ಟಿಗೆ ಹಾಕುವುದು ಎಂದು ತೀರ್ಮಾನವಾಗಿತ್ತು. ಅದಕ್ಕೆ ತಕ್ಕ ಹಾಗೆ ಒಂದು ಸಣ್ಣ ಪ್ರೋಗ್ರಾಂ ಬರೆದಿದ್ದೆ. ಮಧ್ಯದಲ್ಲಿ ಟಿಸಿ ತೆಗೆದುಕೊಂಡು ಹೋದವರನ್ನು, ಶಾಲೆ ಬಿಟ್ಟವರನ್ನು ಅದು ತಾನಾಗಿಯೇ ಬೇರೆ ಇಡುತ್ತಿತ್ತು. ಒಂದು ರಾತ್ರಿ, ಹಾಗೆ ಬೇರೆ ಇಟ್ಟವರಲ್ಲಿ ಯಾರ್ಯಾರಿದ್ದಾರೆ ಎಂದು ತೆರೆದು ನೋಡಿದೆ. 2001ನೇ ಸಾಲು, ಎಂಟನೇ ತರಗತಿ, ಜೂಲಿಯಾ. ಷರಾ ಕಾಲಮ್ಮಿನಲ್ಲಿ 'ತಾಯಿಗೆ ವರ್ಗಾವಣೆ' ಎಂದು ಬರೆದಿತ್ತು.

ನಮ್ಮ ಬ್ಯಾಚಿನವರಿಗೆ ನೆನಪಿರಬಹುದು. ಅವಳ ತಾಯಿ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ನರ್ಸ್ ಆಗಿ ಬಂದಿದ್ದರು. ದಕ್ಷಿಣ ಕನ್ನಡದವರು, ಮನೆಯಲ್ಲಿ ಕೊಂಕಣಿ ಮಾತಾಡುತ್ತಿದ್ದರು. ಆ ಹುಡುಗಿ ನಮ್ಮ ಜೊತೆ ಓದಿದ್ದು ಒಂದೇ ವರ್ಷ. ಆ ಕಾಲಕ್ಕೆ ಬಸ್ ಸ್ಟ್ಯಾಂಡಿನ ಹೋಟೆಲ್ ಮುಂದೆ ಮಲಗುತ್ತಿದ್ದ ಕಂದು ಬಣ್ಣದ ಹೆಣ್ಣುನಾಯಿಯ ಹೆಸರೂ ಜೂಲಿ. ನಮ್ಮ ಕಡೆ ಹಸುವಿಗಾದರೆ ಗೌರಿ, ಗಂಗೆ ಎಂದು ದೇವರ ಹೆಸರಿಡುತ್ತೇವೆ. ನಾಯಿಗೆ ಮಾತ್ರ ಟಾಮಿ, ರೋಸಿ, ಜೂಲಿ. ಯಾಕೆ ಹಾಗೆ ಎಂದು ಯಾರೂ ಕೇಳಿಕೊಳ್ಳುವುದಿಲ್ಲ. ನಾವೂ ಕೇಳಿಕೊಳ್ಳಲಿಲ್ಲ. ಮೇಷ್ಟ್ರು ಹಾಜರಿ ಕೂಗುತ್ತಾ ಅವಳ ಹೆಸರಿಗೆ ಬಂದಾಗ ಹಿಂದಿನ ಬೆಂಚಿನಿಂದ ಒಂದು ಸದ್ದು ಬರುತ್ತಿತ್ತು. ನಾಯಿ ಕರೆಯುವಾಗ ನಾಲಿಗೆಯಲ್ಲಿ ಲೊಚಗುಟ್ಟುತ್ತೇವಲ್ಲ, ಆ ಸದ್ದು. ಮೇಷ್ಟ್ರು ಒಂದೆರಡು ಸಲ ತಲೆಯೆತ್ತಿ ಯಾರದು ಎಂದು ಗದರಿದರು. ಯಾರೂ ಬಾಯಿ ಬಿಡಲಿಲ್ಲ. ಇವತ್ತು ಹೇಳುತ್ತೇನೆ, ಅದನ್ನು ಶುರು ಮಾಡಿದವನು ನಾನು.

ಒಂದು ದಿನ ಕೊಳಾಯಿ ಹತ್ತಿರ ತಟ್ಟೆ ತೊಳೆಯುವಾಗ ಅವಳು ನನ್ನನ್ನು ನಿಲ್ಲಿಸಿ, "ನನ್ನ ಹೆಸರಿನ ಅರ್ಥ ನಿನಗೆ ಗೊತ್ತುಂಟಾ?" ಎಂದು ಕೇಳಿದಳು. ಇಲ್ಲ ಎಂದೆ. "ಗೊತ್ತಿಲ್ಲದಿದ್ದರೆ ಮತ್ತೆ ಯಾಕೆ ನಗಾಡುದು?" ಎಂದಳು. ನಮಗೆ ಅವಳ ಹೆಸರಿನ ಜೊತೆಗೆ ಆ 'ನಗಾಡುದು' ಕೂಡ ನಗುವುದಕ್ಕೆ ಸಿಕ್ಕಿತು. ಮುಂದಿನ ಜೂನ್‌ನಲ್ಲಿ ಶಾಲೆ ತೆರೆದಾಗ ಅವಳು ಇರಲಿಲ್ಲ.

ಅವಳ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಬಂದಿದ್ದೇನೆ. ತಡವಾಗಿದೆ, ಆದರೂ ನಿಮ್ಮೆಲ್ಲರ ಮುಂದೆ ಹೇಳುತ್ತೇನೆ.

ಜೂಲಿಯಾ ಲ್ಯಾಟಿನ್ ಹೆಸರು. ಹಳೆಯ ರೋಮಿನಲ್ಲಿ ಇದನ್ನು 'ಯೂಲಿಯಾ' ಎನ್ನುತ್ತಿದ್ದರು. ಯಕಾರ ಜಕಾರವಾಗುವುದು ನಮಗೇನೂ ಹೊಸದಲ್ಲ. ಯಾತ್ರೆ ನಮ್ಮಲ್ಲಿ ಜಾತ್ರೆಯಾಗಿಲ್ಲವೇ, ಯೋಗಿ ಜೋಗಿಯಾಗಿಲ್ಲವೇ, ಹಾಗೆ. ರಷ್ಯಾದಲ್ಲಿ ಈಗಲೂ ಯೂಲಿಯಾ ಎಂದೇ ಕರೆಯುತ್ತಾರೆ. ಸ್ಪೇನಿನಲ್ಲಿ ಹೂಲಿಯಾ, ಫ್ರಾನ್ಸಿನಲ್ಲಿ ಜೂಲಿ, ಇಟಲಿಯಲ್ಲಿ ಜೂಲಿಯಾ. ಇಟಲಿಯವರು ಮುದ್ದಿನಿಂದ 'ಪುಟ್ಟ ಜೂಲಿಯಾ' ಎನ್ನಬೇಕಾದರೆ ಜೂಲಿಯೆಟ್ಟಾ ಎನ್ನುತ್ತಾರೆ. ಷೇಕ್ಸ್‌ಪಿಯರನ ನಾಟಕದ ಜೂಲಿಯೆಟ್ ಅದೇ ಹೆಸರು.

ಇದು ಹುಟ್ಟಿದ್ದು ಜೂಲಿಯಸ್ ಎಂಬ ಮನೆತನದ ಹೆಸರಿನಿಂದ. ಎಂಟನೇ ತರಗತಿಯ ಸಮಾಜ ಪಾಠದಲ್ಲಿ ಜೂಲಿಯಸ್ ಸೀಸರ್ ಬರುತ್ತಿದ್ದನಲ್ಲ, ಅವನ ಪೂರ್ತಿ ಹೆಸರು ಗಾಯಸ್ ಜೂಲಿಯಸ್ ಸೀಸರ್. ಗಾಯಸ್ ಎನ್ನುವುದು ಅವನ ಸ್ವಂತ ಹೆಸರು, ಜೂಲಿಯಸ್ ಮನೆತನ, ಸೀಸರ್ ಆ ಮನೆತನದ ಒಂದು ಕವಲು. ನಾವು ಗೋಡೆಗೆ ತೂಗುಹಾಕುವ ಕ್ಯಾಲೆಂಡರಿನಲ್ಲೂ ಅವನಿದ್ದಾನೆ. ರೋಮಿನವರ ವರ್ಷ ಮೊದಲು ಮಾರ್ಚಿನಿಂದ ಶುರುವಾಗುತ್ತಿತ್ತು. ಹಾಗಾಗಿ ಐದನೆಯ ತಿಂಗಳಿಗೆ 'ಕ್ವಿಂಟಿಲಿಸ್', ಅಂದರೆ ಐದನೆಯದು ಎಂಬ ಹೆಸರಿತ್ತು. ಕ್ರಿ.ಪೂ. 44ರಲ್ಲಿ ಅದಕ್ಕೆ ಸೀಸರನ ಮನೆತನದ ಹೆಸರಿಟ್ಟರು. ಅದೇ ಜುಲೈ. ಹುಡುಗಿಯ ಹೆಸರಿಗೆ ನಗುತ್ತಿದ್ದ ನಾವು ಪ್ರತಿ ವರ್ಷ ಮೂವತ್ತೊಂದು ದಿನ ಅದೇ ಹೆಸರನ್ನು ನೋಟ್‌ಬುಕ್ಕಿನ ಮೂಲೆಯಲ್ಲಿ ಬರೆಯುತ್ತಿದ್ದೆವು.

ಈಗ ಅರ್ಥಕ್ಕೆ ಬರೋಣ. ಮಕ್ಕಳಿಗೆ ಹೆಸರು ಹುಡುಕುವ ಪುಸ್ತಕಗಳಲ್ಲಿ ಜೂಲಿಯಾ ಎಂದರೆ 'ಎಳೆಯ ಪ್ರಾಯದವಳು' ಎಂದು ಇರುತ್ತದೆ. ಅದಕ್ಕೆ ಆಧಾರ ಗ್ರೀಕ್ ಭಾಷೆಯ ಒಂದು ಪದ. ಆ ಪದದ ಅರ್ಥ ಹುಡುಗರ ಕೆನ್ನೆಯ ಮೇಲೆ ಮೊದಲು ಚಿಗುರುವ ಕೂದಲು. ಹುಡುಗಿಯ ಹೆಸರಿಗೆ ಗಡ್ಡದ ಅರ್ಥ! ಜೂಲಿಯಸ್ ಮನೆತನದವರು ಹೇಳಿಕೊಳ್ಳುತ್ತಿದ್ದ ಕಥೆ ಬೇರೆ. ಟ್ರಾಯ್ ಪಟ್ಟಣ ಸುಟ್ಟುಹೋದಾಗ ತಪ್ಪಿಸಿಕೊಂಡು ಬಂದ ಈನಿಯಾಸನ ಮಗ ಇಯೂಲಸ್, ಅವನ ವಂಶ ನಮ್ಮದು ಎನ್ನುತ್ತಿದ್ದರು. ಈನಿಯಾಸನ ತಾಯಿ ವೀನಸ್ ದೇವತೆ. ಹಾಗಾಗಿ ತಾವು ದೇವರ ಕುಲ ಎಂಬುದು ಅವರ ಹೆಮ್ಮೆ. ಇನ್ನು ಭಾಷಾವಿದ್ವಾಂಸರಲ್ಲಿ ಹಲವರು ಈ ಹೆಸರನ್ನು ರೋಮಿನ ದೇವರಾಜ ಜೂಪಿಟರ್ ಜೊತೆ ಸೇರಿಸುತ್ತಾರೆ. ಜೂಪಿಟರ್ ಎಂಬುದೂ ನಮ್ಮ ಋಗ್ವೇದದ 'ದ್ಯೌಃ ಪಿತಾ' ಎಂಬುದೂ ಒಂದೇ ಬೇರಿನ ಮಾತುಗಳು. ಎರಡಕ್ಕೂ ಅರ್ಥ ಆಕಾಶವೆಂಬ ತಂದೆ.

ಇದನ್ನೆಲ್ಲ ಓದುವಾಗ ನನಗೆ ಖುಷಿಯಾಯಿತು. ಆ ಹುಡುಗಿಗೆ ಹೇಳಲು ದೊಡ್ಡ ಉತ್ತರವೇ ಸಿಕ್ಕಿತು, ದೇವರ ಕುಲದವಳು ಎನ್ನಬಹುದು ಅಂದುಕೊಂಡೆ. ಆದರೆ ಮುಂದಕ್ಕೆ ಓದಿದ ಹಾಗೆ ಆ ಖುಷಿ ಇಳಿಯಿತು.

ಯಾಕೆಂದರೆ ರೋಮಿನಲ್ಲಿ ಗಂಡಸರಿಗೆ ಮೂರು ಹೆಸರಿದ್ದ ಕಾಲದಲ್ಲಿ ಹೆಂಗಸರಿಗೆ ಸಾಮಾನ್ಯವಾಗಿ ಸ್ವಂತದ ಹೆಸರೇ ಇರುತ್ತಿರಲಿಲ್ಲ. ತಂದೆಯ ಮನೆತನದ ಹೆಸರನ್ನು ಸ್ತ್ರೀಲಿಂಗ ಮಾಡಿದರೆ ಮುಗಿಯಿತು. ಟುಲಿಯಸ್ ಮನೆತನದ ಸಿಸೆರೊನ ಮಗಳು ಟುಲಿಯಾ. ಕಾರ್ನೀಲಿಯಸ್ ಮನೆಯವಳು ಕಾರ್ನೀಲಿಯಾ. ಜೂಲಿಯಸ್ ಮನೆಯವಳು ಜೂಲಿಯಾ. ಸೀಸರನಿಗೆ ಇಬ್ಬರು ಅಕ್ಕಂದಿರಿದ್ದರು. ಇಬ್ಬರ ಹೆಸರೂ ಜೂಲಿಯಾ! ಗುರುತಿಗೆ ಒಬ್ಬಳು ದೊಡ್ಡ ಜೂಲಿಯಾ, ಇನ್ನೊಬ್ಬಳು ಸಣ್ಣ ಜೂಲಿಯಾ. ಸೋದರತ್ತೆ ಜೂಲಿಯಾ. ಮಗಳು ಜೂಲಿಯಾ. ಸಣ್ಣ ಜೂಲಿಯಾ ಅಟಿಯಸ್ ಎಂಬ ಮನೆತನಕ್ಕೆ ಮದುವೆಯಾದಳು. ಅವಳಿಗೆ ಹುಟ್ಟಿದ ಹೆಣ್ಣುಮಕ್ಕಳು ಜೂಲಿಯಾ ಆಗಲಿಲ್ಲ, ಅಟಿಯಾ ಆದರು. ತಾಯಿಯ ಹೆಸರು ತಾಯಿಗೇ ನಿಂತಿತು.

ಇಲ್ಲಿ ಕೂತಿರುವ ಅಜ್ಜಿಯರಿಗೆ ಇದು ವಿಚಿತ್ರ ಅನ್ನಿಸುವುದಿಲ್ಲ. ನಮ್ಮಜ್ಜಿಯ ಹೆಸರು ಸಣ್ಣಮ್ಮ, ಅವರ ಅಕ್ಕನ ಹೆಸರು ದೊಡ್ಡಮ್ಮ. ರೇಷನ್ ಕಾರ್ಡಿನಲ್ಲೂ ಅದೇ. ನಾವು ಮೊಮ್ಮಕ್ಕಳು ಅವರನ್ನು ಹೆಸರಿಡಿದು ಕರೆಯಲಿಲ್ಲವಾದ್ದರಿಂದ ಅದು ಹೆಸರೋ ವರಸೆಯೋ ಎಂದು ಯೋಚಿಸಲೂ ಇಲ್ಲ.

ಹೆಸರು ಮನೆತನದ್ದು ಎಂದ ಮೇಲೆ ಆ ಹೆಸರಿನ ಲಾಭವೂ ಮನೆತನಕ್ಕೇ. ಕ್ರಿ.ಪೂ. 69ರಲ್ಲಿ ಸೋದರತ್ತೆ ಜೂಲಿಯಾ ತೀರಿಕೊಂಡಾಗ ಸೀಸರ್ ಊರ ಮುಂದೆ ನಿಂತು ಭಾಷಣ ಮಾಡಿದ. ನಮ್ಮತ್ತೆಯ ತಾಯಿಯ ಕಡೆಯವರು ರಾಜರ ಕುಲ, ತಂದೆಯ ಕಡೆಯವರು ದೇವರ ಕುಲ ಎಂದು ಸಾರಿದ. ಸತ್ತವಳು ಅತ್ತೆ, ದೊಡ್ಡವನಾದದ್ದು ಅಳಿಯ. ಮುಂದೆ ಕ್ರಿ.ಪೂ. 59ರಲ್ಲಿ ತನ್ನ ಮಗಳು ಜೂಲಿಯಾಳನ್ನು ಪಾಂಪೆ ಎಂಬ ಸೇನಾಪತಿಗೆ ಮದುವೆ ಮಾಡಿಕೊಟ್ಟ. ಪಾಂಪೆ ಅವಳ ತಂದೆಗಿಂತ ವಯಸ್ಸಿನಲ್ಲಿ ದೊಡ್ಡವನು. ಅದು ರಾಜಕೀಯದ ಬೀಗತನ. ಕ್ರಿ.ಪೂ. 54ರಲ್ಲಿ ಅವಳು ಹೆರಿಗೆಯಲ್ಲಿ ತೀರಿಕೊಂಡಳು. ಐದು ವರ್ಷದೊಳಗೆ ಮಾವ ಅಳಿಯ ಇಬ್ಬರೂ ಒಬ್ಬರ ಮೇಲೊಬ್ಬರು ಯುದ್ಧಕ್ಕೆ ನಿಂತರು.

ಇನ್ನೊಬ್ಬ ಜೂಲಿಯಾಳ ಕಥೆ ನನಗೆ ಮರೆಯಲಾಗುತ್ತಿಲ್ಲ. ಇವಳು ರೋಮಿನ ಮೊದಲ ಚಕ್ರವರ್ತಿ ಅಗಸ್ಟಸ್‌ನ ಒಬ್ಬಳೇ ಮಗಳು. ಹುಟ್ಟಿದ್ದು ಕ್ರಿ.ಪೂ. 39ರಲ್ಲಿ. ತಂದೆ ತನಗೆ ಉತ್ತರಾಧಿಕಾರಿ ಬೇಕೆಂದು ಅವಳಿಗೆ ಒಬ್ಬರಾದ ಮೇಲೆ ಒಬ್ಬರಂತೆ ಮೂವರ ಜೊತೆ ಮದುವೆ ಮಾಡಿದ. ಮೊದಲ ಗಂಡ ತೀರಿಕೊಂಡ. ಎರಡನೆಯವನು ತಂದೆಯ ವಯಸ್ಸಿನವನು, ಅವನಿಗೆ ಐದು ಮಕ್ಕಳನ್ನು ಹೆತ್ತಳು, ಅವನೂ ತೀರಿಕೊಂಡ. ಮೂರನೆಯವನು ತನಗಿಷ್ಟವಿದ್ದ ಹೆಂಡತಿಯನ್ನು ಬಲವಂತಕ್ಕೆ ಬಿಟ್ಟು ಇವಳನ್ನು ಕಟ್ಟಿಕೊಂಡವನು. ಆ ಸಂಸಾರ ನಿಲ್ಲಲಿಲ್ಲ.

ಈ ನಡುವೆ ಕ್ರಿ.ಪೂ. 18ರಲ್ಲಿ ಅಗಸ್ಟಸ್ ವ್ಯಭಿಚಾರಕ್ಕೆ ಶಿಕ್ಷೆ ವಿಧಿಸುವ ಒಂದು ಕಾನೂನು ತಂದಿದ್ದ. ರೋಮಿನಲ್ಲಿ ಕಾನೂನಿಗೆ ಅದನ್ನು ತಂದವನ ಮನೆತನದ ಹೆಸರಿಡುವುದು ವಾಡಿಕೆ. ಅಗಸ್ಟಸ್ ಸೀಸರನ ದತ್ತುಮಗ, ಹಾಗಾಗಿ ಅವನೂ ಜೂಲಿಯಸ್ ಮನೆತನ. ಲ್ಯಾಟಿನ್ನಿನಲ್ಲಿ ಕಾನೂನು ಎಂಬ ಪದ ಸ್ತ್ರೀಲಿಂಗ. ಹಾಗಾಗಿ ಆ ಕಾನೂನಿನ ಹೆಸರು 'ಲೆಕ್ಸ್ ಜೂಲಿಯಾ'. ಮಗಳಿಗೂ ಕಾನೂನಿಗೂ ಒಂದೇ ಹೆಸರು, ಇಟ್ಟವನೂ ಒಬ್ಬನೇ. ಕ್ರಿ.ಪೂ. 2ರಲ್ಲಿ ಅದೇ ಅಪವಾದವನ್ನು ಮಗಳ ಮೇಲೆ ಹೊರಿಸಿ ಪಂಡತೇರಿಯಾ ಎಂಬ ಪುಟ್ಟ ದ್ವೀಪಕ್ಕೆ ಗಡೀಪಾರು ಮಾಡಿದ. ಅಲ್ಲಿ ಅವಳಿಗೆ ದ್ರಾಕ್ಷಾರಸ ಕೊಡುವ ಹಾಗಿರಲಿಲ್ಲ. ಅಪ್ಪಣೆಯಿಲ್ಲದೆ ಯಾವ ಗಂಡಸೂ ಅವಳನ್ನು ಕಾಣುವ ಹಾಗಿರಲಿಲ್ಲ. ಅವಳ ಹೆತ್ತ ತಾಯಿ, ಅಗಸ್ಟಸ್ ಎಂದೋ ಬಿಟ್ಟಿದ್ದ ಹೆಂಡತಿ ಸ್ಕ್ರಿಬೋನಿಯಾ, ಯಾರೂ ಕೇಳದಿದ್ದರೂ ತಾನಾಗಿ ಮಗಳ ಜೊತೆ ಆ ದ್ವೀಪಕ್ಕೆ ಹೋದಳು. ಕೆಲವು ವರ್ಷದ ನಂತರ ಮಗಳನ್ನು ಇಟಲಿಯ ದಕ್ಷಿಣ ತುದಿಯ ಒಂದು ಊರಿಗೆ ತಂದಿಟ್ಟರೂ ರೋಮಿಗೆ ಮರಳಿ ಬಿಡಲಿಲ್ಲ. ಕ್ರಿ.ಶ. 14ರಲ್ಲಿ ಅವಳು ಸತ್ತಳು. ತನ್ನ ಸಮಾಧಿಯಲ್ಲಿ ಅವಳಿಗೆ ಜಾಗ ಕೊಡಕೂಡದು ಎಂದು ತಂದೆ ಮೊದಲೇ ಬರೆದಿಟ್ಟಿದ್ದ. ಅವಳ ಮಗಳ ಹೆಸರೂ ಜೂಲಿಯಾ. ಕ್ರಿ.ಶ. 8ರಲ್ಲಿ ಅವಳನ್ನೂ ಇನ್ನೊಂದು ದ್ವೀಪಕ್ಕೆ ಕಳಿಸಿದರು. ಇಪ್ಪತ್ತು ವರ್ಷ ಅಲ್ಲೇ ಇದ್ದು ಅಲ್ಲೇ ತೀರಿಕೊಂಡಳು.

ದೇವರ ಕುಲದ ಹೆಸರು ಆ ತಾಯಿ ಮಗಳಿಬ್ಬರ ಕೈ ಹಿಡಿಯಲಿಲ್ಲ.

ಹಾಗಾದರೆ ಈ ಹೆಸರು ಉಳಿದದ್ದು ಹೇಗೆ? ಅರಮನೆಯಿಂದ ಹೊರಗೆ ಬಂದದ್ದರಿಂದ. ರೋಮಿನಲ್ಲಿ ಗುಲಾಮರಿಗೆ ಬಿಡುಗಡೆ ಕೊಟ್ಟಾಗ ಅವರು ಒಡೆಯನ ಮನೆತನದ ಹೆಸರನ್ನು ತಮ್ಮದಾಗಿ ಮಾಡಿಕೊಳ್ಳುತ್ತಿದ್ದರು. ಚಕ್ರವರ್ತಿಯ ಮನೆಯಲ್ಲಿ ಪಾತ್ರೆ ಬೆಳಗಿ, ಬಟ್ಟೆ ನೇಯ್ದು ಬಿಡುಗಡೆಯಾದ ದಾಸಿಯೂ ಜೂಲಿಯಾ ಆದಳು. ದೂರದ ಪ್ರಾಂತ್ಯಗಳಲ್ಲಿ ರೋಮಿನ ಪೌರತ್ವ ಸಿಕ್ಕವರ ಮನೆಗಳಲ್ಲೂ ಜೂಲಿಯಾಗಳು ಹುಟ್ಟಿದರು. ಬೈಬಲ್ಲಿನಲ್ಲಿ ಪೌಲನು ರೋಮಿನವರಿಗೆ ಬರೆದ ಪತ್ರದ ಕೊನೆಯಲ್ಲಿ ತನಗೆ ಗೊತ್ತಿದ್ದವರಿಗೆಲ್ಲ ವಂದನೆ ಹೇಳುತ್ತಾ ಹೋಗುತ್ತಾನೆ. ಆ ಪಟ್ಟಿಯಲ್ಲಿ ಒಬ್ಬಳು ಜೂಲಿಯಾ ಇದ್ದಾಳೆ. ಅವಳ ಮನೆತನ ಯಾವುದು, ತಂದೆ ಯಾರು ಎಂದು ಅಲ್ಲಿಲ್ಲ. ಅವಳಿಗೆ ವಂದನೆ, ಅಷ್ಟೇ. ನನಗೆ ಈ ಇಡೀ ಚರಿತ್ರೆಯಲ್ಲಿ ಅತಿ ಹಿಡಿಸಿದ ಜೂಲಿಯಾ ಅವಳೇ.

ಆಮೇಲೆ ಜೂಲಿಯಾ, ಜೂಲಿಯಾನಾ ಎಂಬ ಸಂತಳ ಹೆಸರುಗಳಾಗಿ ಇವು ಕ್ರೈಸ್ತ ನಾಡುಗಳಿಗೆಲ್ಲ ಹೋದವು. ಪೋರ್ಚುಗೀಸರ ಕಾಲದಲ್ಲಿ ಗೋವೆಗೆ ಬಂದವು. ಗೋವೆಯಿಂದ ಕೊಂಕಣಿ ಕ್ರೈಸ್ತ ಕುಟುಂಬಗಳು ದಕ್ಷಿಣಕ್ಕೆ ಬಂದು ನಮ್ಮ ಕರಾವಳಿಯಲ್ಲಿ ನೆಲೆಸಿದಾಗ ಇಂಥ ಹೆಸರುಗಳೂ ಅವರ ಜೊತೆ ಬಂದವು. ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುವುದು ಅವರಲ್ಲೂ ಇದೆ. ಕರಾವಳಿಯಿಂದ ನರ್ಸ್ ಕೆಲಸ ಹಿಡಿದು ಬಂದ ಒಬ್ಬ ತಾಯಿಯ ಜೊತೆ ಘಟ್ಟ ಹತ್ತಿ ಈ ಹೆಸರು ನಮ್ಮ ಎಂಟನೇ ತರಗತಿಗೆ ಬಂತು. ಎರಡು ಸಾವಿರ ವರ್ಷದ ದಾರಿ. ಕೊನೆಗೆ ಬಂದು ಸೇರಿದ್ದು ನಾಯಿಯ ಹೆಸರಿಗೆ ನಗುವ ನಮ್ಮ ಬಾಯಿಗೆ.

ಇನ್ನು ಕಂಪ್ಯೂಟರ್. ಕನ್ನಡ ಮಾಧ್ಯಮದಲ್ಲಿ ಓದಿ ಬಿಇ ಮುಗಿಸಿ ಕೆಲಸಕ್ಕೆ ಸೇರಿ ಕೆಲವು ವರ್ಷವಾದ ಮೇಲೆ ನಮ್ಮ ಮೇಲಧಿಕಾರಿ, "ಈ ಪ್ರಾಜೆಕ್ಟಿಗೆ ಜೂಲಿಯಾ ಕಲಿತುಕೊಳ್ಳಿ" ಎಂದರು. ಅದೊಂದು ಪ್ರೋಗ್ರಾಮಿಂಗ್ ಭಾಷೆ. ಜೆಫ್ ಬೆಜಾನ್ಸನ್, ಸ್ಟೆಫಾನ್ ಕಾರ್ಪಿನ್ಸ್ಕಿ, ವಿರಲ್ ಶಾ, ಅಲನ್ ಎಡೆಲ್ಮನ್ ಎಂಬ ನಾಲ್ವರು ಕಟ್ಟಿ 2012ರ ಫೆಬ್ರವರಿಯಲ್ಲಿ ಜಗತ್ತಿಗೆ ಪರಿಚಯಿಸಿದ್ದು. ಇವರಲ್ಲಿ ವಿರಲ್ ಶಾ ಆಧಾರ್ ಯೋಜನೆಯಲ್ಲಿ ದುಡಿದವರು, ನಮ್ಮ ನಂದನ್ ನಿಲೇಕಣಿಯವರ ಜೊತೆ ಸೇರಿ 'ರೀಬೂಟಿಂಗ್ ಇಂಡಿಯಾ' ಎಂಬ ಪುಸ್ತಕ ಬರೆದವರು. ದೊಡ್ಡ ಲೆಕ್ಕಗಳನ್ನು ಬೇಗ ಮಾಡುವುದು ಈ ಭಾಷೆಯ ಕೆಲಸ. ಹವಾಮಾನದ ಲೆಕ್ಕಾಚಾರಕ್ಕೆ, ಔಷಧಿಗಳ ಸಂಶೋಧನೆಗೆ ಇದನ್ನು ಬಳಸುತ್ತಾರೆ. ಮಕ್ಕಳೇ, ಒಂದು ತಮಾಷೆ ಕೇಳಿ. ಬಹಳಷ್ಟು ಕಂಪ್ಯೂಟರ್ ಭಾಷೆಗಳು ಪಟ್ಟಿಯನ್ನು ಸೊನ್ನೆಯಿಂದ ಎಣಿಸುತ್ತವೆ. ಜೂಲಿಯಾ ನಮ್ಮ ಹಾಜರಿ ಪುಸ್ತಕದ ಹಾಗೆ ಒಂದರಿಂದಲೇ ಎಣಿಸುತ್ತದೆ.

ಈ ಹೆಸರು ಯಾಕಿಟ್ಟಿರಿ ಎಂದು ಅದನ್ನು ಕಟ್ಟಿದವರನ್ನು ಕೇಳಿದರೆ, ದೊಡ್ಡ ಕಾರಣವೇನಿಲ್ಲ, ಸ್ನೇಹಿತರೊಬ್ಬರು ಹೇಳಿದ್ದು, ಕೇಳುವುದಕ್ಕೆ ಚೆನ್ನಾಗಿತ್ತು ಎಂದಿದ್ದಾರೆ. ಅವರಿಗೆ ಚೆನ್ನಾಗಿ ಕೇಳಿಸಿದ್ದು ನಮಗೆ ನಾಯಿಯ ಹೆಸರಾಗಿ ಕೇಳಿಸಿತ್ತು. ಅಕ್ಷರಗಳು ಅವೇ. ಹೆಸರಿನಲ್ಲಿ ಏನೂ ಬದಲಾಗಿರಲಿಲ್ಲ, ಕರೆಯುವ ಬಾಯಿ ಬದಲಾಗಿತ್ತು. ಆ ಭಾಷೆಯ ಹೆಸರನ್ನು ದಿನಕ್ಕೆ ಹತ್ತು ಸಲ ಹೇಳುವ ಕೆಲಸ ನನ್ನದಾಯಿತು. ಮೊದಲ ಕೆಲವು ದಿನ ಪ್ರತಿ ಸಲ ಹೇಳುವಾಗಲೂ ಕೊಳಾಯಿ ಹತ್ತಿರದ ಆ ಮುಖ ಎದುರಿಗೆ ಬರುತ್ತಿತ್ತು. ಆಮೇಲೆ ರೂಢಿಯಾಯಿತು, ಮರೆತೆ. ಮೊನ್ನೆ ರಿಜಿಸ್ಟರಿನಲ್ಲಿ ಮತ್ತೆ ಬಂತು.

ಹಾಗಾಗಿ ಅವಳ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಜೂಲಿಯಾ ಎಂದರೆ ಜೂಲಿಯಸ್ ಮನೆತನದ ಹೆಣ್ಣು ಎಂದರ್ಥ. ಅದು ರೋಮಿನವರು ಕೊಟ್ಟ ಅರ್ಥ. 2001ರಲ್ಲಿ ಎಂಟನೇ ತರಗತಿಯ ಹೆಣ್ಣುಮಕ್ಕಳ ಸಾಲಿನಲ್ಲಿ ಕೂತು, ಗಣಿತದಲ್ಲಿ ನಮಗಿಂತ ಹೆಚ್ಚು ಅಂಕ ತೆಗೆಯುತ್ತಿದ್ದ, ನಾವು ಲೊಚಗುಟ್ಟಿದರೂ ಒಂದು ದಿನವೂ "ಪ್ರೆಸೆಂಟ್ ಸಾರ್" ಎನ್ನುವುದನ್ನು ಬಿಡದ ಹುಡುಗಿ ಎಂಬುದು ನಮ್ಮ ಶಾಲೆಯ ಮಟ್ಟಿಗೆ ಆ ಹೆಸರಿನ ಅರ್ಥ. ಅವಳು ಎಲ್ಲಿದ್ದಾಳೋ ಗೊತ್ತಿಲ್ಲ. ಈ ಸಂಚಿಕೆ ಹೇಗೋ ಅವಳ ಕೈ ಸೇರಿದರೆ, ಜೂಲಿಯಾ, ತಪ್ಪಾಯಿತು. ಕ್ಷಮಿಸು.

ಪಟ್ಟಿಯ ವಿಷಯ ಹೇಳಿ ಮುಗಿಸುತ್ತೇನೆ. ಅವಳ ಹೆಸರು ಕಂಡ ಮೇಲೆ ಪ್ರೋಗ್ರಾಂ ಬೇರೆ ಇಟ್ಟಿದ್ದ ಉಳಿದವರ ಹೆಸರನ್ನೂ ಓದಿದೆ. ಒಂದು ವರ್ಷ, ಎರಡು ವರ್ಷ ಓದಿ ಹೋದವರು. ಅಪ್ಪನ ಜೊತೆ ಕೆಲಸ ಹುಡುಕಿಕೊಂಡು ಊರು ಬಿಟ್ಟ ಹುಡುಗರು. ಒಂಬತ್ತನೇ ತರಗತಿಯಲ್ಲಿ ಷರಾ ಕಾಲಮ್ಮಿಗೆ 'ದೀರ್ಘ ಗೈರು' ಎಂದು ಬಿದ್ದಿದ್ದ ಎಷ್ಟೋ ಹೆಣ್ಣುಮಕ್ಕಳು. ಯಾಕೆ ಗೈರು ಎಂದು ಆಗ ಊರಿಗೆಲ್ಲ ಗೊತ್ತಿತ್ತು, ಕಾಲಮ್ಮಿನಲ್ಲಿ ಬರೆಯಲು ಮಾತ್ರ ಜಾಗವಿರಲಿಲ್ಲ. ಅವರಲ್ಲಿ ಕೆಲವರು ಈಗ ಇಲ್ಲೇ, ಈ ಶಾಮಿಯಾನದ ಹಿಂದಿನ ಸಾಲಿನಲ್ಲಿ, ತಮ್ಮ ಮಕ್ಕಳ ಕಾರ್ಯಕ್ರಮ ನೋಡಲು ಬಂದು ನಿಂತಿದ್ದಾರೆ. ಇವರು ಹಳೆಯ ವಿದ್ಯಾರ್ಥಿಗಳಲ್ಲ ಎಂದು ಹೇಳುವುದಕ್ಕೆ ನನಗೆ ಬಾಯಿ ಬರಲಿಲ್ಲ. ಮೇಷ್ಟ್ರಿಗೆ ಫೋನ್ ಮಾಡಿ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಜರಿ ನಾನೇ ಕೂಗಿದ್ದೀನಲ್ಲಪ್ಪ, ಹಾಕು" ಎಂದರು.

ಪ್ರೋಗ್ರಾಮಿನಲ್ಲಿ ಒಂದು ಸಾಲು ಅಳಿಸಿದೆ, ಅಷ್ಟೇ ಕೆಲಸ. ಪಟ್ಟಿ ಬಹಳ ಉದ್ದವಾಗಿದೆ. ಹೊರಗೆ ಬೇವಿನ ಮರದ ಪಕ್ಕದ ಬೋರ್ಡಿಗೆ ಅಂಟಿಸಿದ್ದೇವೆ. ಊಟಕ್ಕೆ ಹೋಗುವ ಮೊದಲು ನಿಮ್ಮ ನಿಮ್ಮ ಹೆಸರು ನೋಡಿಕೊಳ್ಳಿ. ಕಾಗುಣಿತ ತಪ್ಪಿದ್ದರೆ ಪಕ್ಕದಲ್ಲಿ ಪೆನ್ನು ಕಟ್ಟಿದೆ, ತಿದ್ದಿ. ನಿಮ್ಮ ಜೊತೆ ಓದಿ ಅರ್ಧಕ್ಕೆ ಬಿಟ್ಟವರ ಹೆಸರು ನೆನಪಾದರೆ ಅದೂ ಇದೆಯೇ ನೋಡಿ. ಇಲ್ಲದಿದ್ದರೆ ಬರೆಯಿರಿ.